ಹಿಮ್ಮೇಳ ಗಾಯನ (ಕಂಟ್ರಿ ಮತ್ತು ಗಾಸ್ಪೆಲ್ ಸಂಗೀತ)

ಹಿಮ್ಮೇಳ ಗಾಯನವೆಂದರೆ ಮುಖ್ಯ ಗಾಯಕನ ಹಾಡಿಗೆ ಸ್ವರಮೇಳ, ಮರುನುಡಿ, ಪಲ್ಲವಿಯ ಆವರ್ತನೆ ಅಥವಾ ಪದವಿಲ್ಲದ ದೀರ್ಘ ಸ್ವರಗಳ ಮೂಲಕ ಒತ್ತಾಸೆ ನೀಡುವ ವೃತ್ತಿ. ಅಮೆರಿಕ ಸಂಯುಕ್ತ ಸಂಸ್ಥಾನದ ಕಂಟ್ರಿ ಮತ್ತು ಗಾಸ್ಪೆಲ್ ಸಂಗೀತದಲ್ಲಿ ಈ ಕೆಲಸ 1950ರ ದಶಕದಲ್ಲಿ ಸ್ವತಂತ್ರ ಜೀವನೋಪಾಯವಾಗಿ ಬೇರೂರಿತು. ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರ ಅದರ ಮುಖ್ಯ ಕೇಂದ್ರ. ಚಲನಚಿತ್ರ ನಟರ ಪರವಾಗಿ ಹಾಡುವ ಹಿನ್ನೆಲೆ ಗಾಯನಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಲೇಖನದಲ್ಲಿ ಹಿಮ್ಮೇಳ ಎಂಬ ಪದ ವಾದ್ಯಗಳನ್ನು ಬಿಟ್ಟು ಕಂಠಗಳಿಗೆ ಮಾತ್ರ ಅನ್ವಯಿಸುತ್ತದೆ. ಇಬ್ಬರ ಹೆಸರೂ ಸಮನಾಗಿ ಅಚ್ಚಾಗುವ ಯುಗಳ ಗೀತೆ ಇದರ ವ್ಯಾಪ್ತಿಗೆ ಬರುವುದಿಲ್ಲ.

ಉಗಮ

ಹಿಮ್ಮೇಳ ಗಾಯನದ ಬೇರುಗಳು ಚರ್ಚಿನಲ್ಲಿವೆ. ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗಳಲ್ಲಿ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಗಾಯನ ಶಾಲೆಗಳು ನಡೆಯುತ್ತಿದ್ದವು. ಊರಿಂದೂರಿಗೆ ಹೋಗುವ ಶಿಕ್ಷಕರು ಒಂದೆರಡು ವಾರ ತಂಗಿ, ರೈತಾಪಿ ಜನರಿಗೆ ಸ್ವರಲಿಪಿ ಓದುವುದನ್ನು ಕಲಿಸುತ್ತಿದ್ದರು. ಪ್ರತಿ ಸ್ವರಕ್ಕೂ ತ್ರಿಕೋನ, ಚೌಕ, ವೃತ್ತ ಎಂದು ಬೇರೆ ಬೇರೆ ಆಕಾರ ಕೊಟ್ಟ ಲಿಪಿ ಇಲ್ಲಿ ಬಳಕೆಯಲ್ಲಿತ್ತು. ಇದನ್ನು ಆಕಾರ ಸ್ವರಲಿಪಿ ಎನ್ನಬಹುದು. ಮೊದಲು ನಾಲ್ಕು ಆಕಾರಗಳಿದ್ದವು, ಮುಂದೆ ಏಳು ಆಕಾರಗಳ ಪದ್ಧತಿ ಹಬ್ಬಿತು. ಪಿಯಾನೊ ಇಲ್ಲದ ಮನೆಯಲ್ಲೂ ನಾಲ್ಕು ಜನ ಕುಳಿತು ನಾಲ್ಕು ದನಿಗಳಲ್ಲಿ ಕೀರ್ತನೆ ಹಾಡುವುದು ಇದರಿಂದ ಸಾಧ್ಯವಾಯಿತು.

ಟೆನೆಸಿಯ ಲಾರೆನ್ಸ್‌ಬರ್ಗ್‌ನ ಪ್ರಕಾಶಕ ಜೇಮ್ಸ್ ಡಿ. ವಾನ್ ತನ್ನ ಕೀರ್ತನೆ ಪುಸ್ತಕಗಳ ಮಾರಾಟಕ್ಕಾಗಿ 1910ರಲ್ಲಿ ಸಂಬಳದ ನಾಲ್ವರ ಮೇಳವೊಂದನ್ನು ಊರೂರಿಗೆ ಕಳುಹಿಸಿದ. ಬಿಳಿಯರ ಗಾಸ್ಪೆಲ್ ಪರಂಪರೆಯಲ್ಲಿ ಹಾಡುವುದೇ ಉದ್ಯೋಗವಾದದ್ದು ಇಲ್ಲಿಂದ. ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ನೆಲೆನಿಂತ ಸ್ಟ್ಯಾಂಪ್ಸ್-ಬ್ಯಾಕ್ಸ್‌ಟರ್ ಪ್ರಕಾಶನವೂ ಇದೇ ದಾರಿ ಹಿಡಿಯಿತು. 1934ರಲ್ಲಿ ಮಿಸಿಸಿಪಿಯಲ್ಲಿ ಆರಂಭವಾದ ಬ್ಲ್ಯಾಕ್‌ವುಡ್ ಬ್ರದರ್ಸ್ ಈ ಪರಂಪರೆಯ ಅತಿ ಪ್ರಸಿದ್ಧ ಮೇಳ.

ಇನ್ನೊಂದು ಮೂಲ ಆಫ್ರಿಕನ್ ಅಮೆರಿಕನ್ನರದು, ಮತ್ತು ಪ್ರವಾಸಿ ಮೇಳಗಳ ಮಟ್ಟಿಗೆ ಅದೇ ಮೊದಲಿನದು. ಗುಲಾಮಗಿರಿಯಿಂದ ಬಿಡುಗಡೆಯಾದವರ ಶಿಕ್ಷಣಕ್ಕೆಂದು 1866ರಲ್ಲಿ ನ್ಯಾಶ್‌ವಿಲ್‌ನಲ್ಲಿ ಸ್ಥಾಪನೆಯಾದ ಫಿಸ್ಕ್ ಶಾಲೆ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ, ಅದರ ವಿದ್ಯಾರ್ಥಿಗಳು 1871ರಲ್ಲಿ ಫಿಸ್ಕ್ ಜುಬಿಲಿ ಸಿಂಗರ್ಸ್ ಎಂಬ ಹೆಸರಿನಲ್ಲಿ ಪ್ರವಾಸ ಹೊರಟರು. ಗುಲಾಮರ ಭಕ್ತಿಗೀತೆಗಳನ್ನು ಅವರು ಸ್ವರಮೇಳದಲ್ಲಿ ಹಾಡಿ ಗಳಿಸಿದ ಹಣದಿಂದ ಶಾಲೆ ಉಳಿಯಿತು. ಫ್ರೆಡರಿಕ್ ಲೌಡಿನ್ ನೇತೃತ್ವದ ನಂತರದ ತಂಡ 1880ರ ದಶಕದ ಕೊನೆಯಲ್ಲಿ ಭಾರತಕ್ಕೂ ಬಂದು ಹಾಡಿತ್ತು. ಈ ಪರಂಪರೆಯಿಂದ ಇಪ್ಪತ್ತನೆಯ ಶತಮಾನದಲ್ಲಿ ಗೋಲ್ಡನ್ ಗೇಟ್ ಕ್ವಾರ್ಟೆಟ್, ಸೋಲ್ ಸ್ಟರರ್ಸ್, ಡಿಕ್ಸಿ ಹಮ್ಮಿಂಗ್‌ಬರ್ಡ್ಸ್ ಮತ್ತು ನ್ಯಾಶ್‌ವಿಲ್‌ನದೇ ಆದ ಫೇರ್‌ಫೀಲ್ಡ್ ಫೋರ್ ಮೇಳಗಳು ಬೆಳೆದವು. ಮುಂದಿನವನು ಒಂದು ಸಾಲು ಕೂಗಿದಾಗ ಹಿಂದಿನವರು ಒಕ್ಕೊರಲಿನಿಂದ ಉತ್ತರಿಸುವ ಕ್ರಮ ಹಿಮ್ಮೇಳಕ್ಕೆ ಈ ಕಡೆಯಿಂದ ಬಂದ ಕೊಡುಗೆ. ಜನಾಂಗ ವಿಭಜನೆಯ ಆ ಕಾಲದಲ್ಲಿ ಎರಡು ಧಾರೆಗಳ ಸಭಾಂಗಣಗಳೂ ಧ್ವನಿಮುದ್ರಿಕೆಗಳ ಮಾರುಕಟ್ಟೆಯೂ ಬೇರೆಯಾಗಿದ್ದವು. ಆದರೆ ರೇಡಿಯೋಗೆ ಆ ಗೋಡೆಯನ್ನು ಕಾಯಲಾಗಲಿಲ್ಲ, ಎರಡೂ ಕಡೆಯವರು ಪರಸ್ಪರರನ್ನು ಕೇಳಿ ಕಲಿತರು.

ಕಂಟ್ರಿ ಸಂಗೀತದಲ್ಲಿ ಮೊದಲಿಗೆ ಹಿಮ್ಮೇಳ ಬೇರೆಯಾಗಿ ಇರಲಿಲ್ಲ. 1927ರಲ್ಲಿ ಬ್ರಿಸ್ಟಲ್‌ನಲ್ಲಿ ಮೊದಲ ಬಾರಿ ಧ್ವನಿಮುದ್ರಣ ಮಾಡಿದ ಕಾರ್ಟರ್ ಕುಟುಂಬದಲ್ಲಿ ಸಾರಾ ಮುಖ್ಯ ದನಿ, ಮೇಬೆಲ್ ಮತ್ತು ಎ. ಪಿ. ಕಾರ್ಟರ್ ಜೊತೆದನಿ. ಲೂವಿನ್ ಬ್ರದರ್ಸ್‌ನಂಥ ಸಹೋದರ ಜೋಡಿಗಳಲ್ಲಿ ಮುಖ್ಯ ದನಿ ಯಾವುದು, ಒತ್ತಾಸೆ ಯಾವುದು ಎಂದು ಬಿಡಿಸಿ ಹೇಳುವುದೇ ಕಷ್ಟ.

ನ್ಯಾಶ್‌ವಿಲ್ ಸೌಂಡ್

1950ರ ದಶಕದ ನಡುವೆ ರಾಕ್ ಅಂಡ್ ರೋಲ್ ಅಲೆ ಎದ್ದಾಗ ಕಂಟ್ರಿ ಸಂಗೀತದ ಮಾರಾಟ ಕುಸಿಯಿತು. ಆರ್‌ಸಿಎ ಕಂಪನಿಯ ಚೆಟ್ ಆಟ್ಕಿನ್ಸ್, ಡೆಕಾದ ಓವನ್ ಬ್ರಾಡ್ಲಿ, ಕ್ಯಾಪಿಟಲ್‌ನ ಕೆನ್ ನೆಲ್ಸನ್, ಕೊಲಂಬಿಯಾದ ಡಾನ್ ಲಾ ಮುಂತಾದ ನಿರ್ಮಾಪಕರು ನಗರದ ಕೇಳುಗರನ್ನು ಸೆಳೆಯಲು ಹೊಸ ಶೈಲಿಯೊಂದನ್ನು ರೂಪಿಸಿದರು. ಹಳ್ಳಿ ಸೊಗಡಿನ ಫಿಡಲ್ ಮತ್ತು ಸ್ಟೀಲ್ ಗಿಟಾರುಗಳನ್ನು ಹಿಂದಕ್ಕೆ ಸರಿಸಿ, ಆ ಜಾಗದಲ್ಲಿ ಪಿಯಾನೊ, ತಂತಿವಾದ್ಯಗಳ ವೃಂದ ಮತ್ತು ನಯವಾದ ಕಂಠಗಳ ಹಿಮ್ಮೇಳವನ್ನು ಇಟ್ಟರು. ಇದೇ ನ್ಯಾಶ್‌ವಿಲ್ ಸೌಂಡ್.

1956ರ ಕೊನೆಯಲ್ಲಿ ಫರ್ಲಿನ್ ಹಸ್ಕಿ ಹಾಡಿ ಮುದ್ರಿಸಿದ ‘ಗಾನ್’ ಈ ಶೈಲಿಯ ಮೊದಲ ದೊಡ್ಡ ಯಶಸ್ಸೆಂದು ಸಾಮಾನ್ಯವಾಗಿ ಗಣಿಸಲಾಗುತ್ತದೆ. ಅದರಲ್ಲಿ ಜಾರ್ಡನೇರ್ಸ್ ಮೇಳದ ನಾಲ್ಕು ಗಂಡು ದನಿಗಳ ಮೇಲೆ ಮಿಲಿ ಕರ್ಕ್‌ಹಮ್ ಅವರ ತಾರಸ್ಥಾಯಿಯ ಹೆಣ್ಣು ದನಿ ತೇಲುತ್ತದೆ. ಮರುವರ್ಷ ಅದು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಜಿಮ್ ರೀವ್ಸ್ ಅವರ ‘ಫೋರ್ ವಾಲ್ಸ್’ (1957) ಮತ್ತು ‘ಹಿ’ಲ್ ಹ್ಯಾವ್ ಟು ಗೋ’ (1959) ಇದನ್ನು ಗಟ್ಟಿ ಮಾಡಿದವು.

ಈ ಧ್ವನಿಮುದ್ರಣಗಳು ನಡೆದದ್ದು ಹೆಚ್ಚಾಗಿ ಎರಡು ಕಟ್ಟಡಗಳಲ್ಲಿ: ಓವನ್ ಮತ್ತು ಹೆರಾಲ್ಡ್ ಬ್ರಾಡ್ಲಿ ಸಹೋದರರು ಕಟ್ಟಿದ ಕ್ವಾನ್ಸೆಟ್ ಹಟ್ ಮತ್ತು 1957ರಲ್ಲಿ ಆರಂಭವಾದ ಆರ್‌ಸಿಎ ಸ್ಟುಡಿಯೋ ಬಿ. ವಾದ್ಯಗಾರರು, ಮುಖ್ಯ ಗಾಯಕ, ಹಿಮ್ಮೇಳ ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು ಒಟ್ಟಿಗೆ ಮುದ್ರಿಸುತ್ತಿದ್ದರು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ ಹಾಡಬೇಕು. ಮೂರು ಗಂಟೆಯ ಒಂದು ಸೆಷನ್ನಿನಲ್ಲಿ ಮೂರು ನಾಲ್ಕು ಹಾಡು ಮುಗಿಸುವುದು ರೂಢಿ. ಬೆಳಗ್ಗೆ ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು ಎಂದು ದಿನದಲ್ಲಿ ನಾಲ್ಕು ಸೆಷನ್‌ಗಳು ನಡೆಯುತ್ತಿದ್ದವು. ಹಾಡನ್ನು ಅಲ್ಲೇ ಕೇಳಿ, ಅಲ್ಲೇ ದನಿ ಹಂಚಿಕೊಂಡು, ಎರಡು ಮೂರು ಪ್ರಯತ್ನದಲ್ಲಿ ಮುಗಿಸಬಲ್ಲ ಗಾಯಕರು ಮಾತ್ರ ಈ ಪದ್ಧತಿಗೆ ಒಗ್ಗುತ್ತಿದ್ದರು. ಅದರಿಂದ ಸೆಷನ್ ಕೆಲಸ ಕೆಲವೇ ತಂಡಗಳ ಕೈಯಲ್ಲಿ ಉಳಿಯಿತು.

ಜಾರ್ಡನೇರ್ಸ್

ಈ ವೃತ್ತಿಯ ಪೂರ್ಣ ಚಿತ್ರ ಸಿಗುವುದು ಜಾರ್ಡನೇರ್ಸ್ ಮೇಳದ ಇತಿಹಾಸದಲ್ಲಿ. ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1948ರಲ್ಲಿ ಗಾಸ್ಪೆಲ್ ಮೇಳವಾಗಿ ಇದು ಹುಟ್ಟಿತು. ಸ್ಥಾಪಕರಾದ ಮ್ಯಾಥ್ಯೂಸ್ ಸಹೋದರರು ಧರ್ಮೋಪದೇಶಕರು. ಹೆಸರು ಅಲ್ಲಿನ ಜಾರ್ಡನ್ ಎಂಬ ಹಳ್ಳದಿಂದ ಬಂದದ್ದು. ಮರುವರ್ಷ ತಂಡ ನ್ಯಾಶ್‌ವಿಲ್‌ನ ರೇಡಿಯೋ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಓಪ್ರಿಗೆ ಸೇರಿತು. ಬಿಳಿಯರ ಮೇಳವಾದರೂ ಕರಿಯರ ಭಕ್ತಿಗೀತೆಗಳನ್ನು ಹೆಚ್ಚು ಹಾಡುತ್ತಿದ್ದುದು ಅದರ ವಿಶೇಷ. 1950ರಲ್ಲಿ ಪಿಯಾನೊ ವಾದಕರಾಗಿ ಬಂದ ಗಾರ್ಡನ್ ಸ್ಟೋಕರ್ ಬಳಿಕ ಮೊದಲ ಟೆನರ್ ದನಿಗೆ ನಿಂತು, ಆರು ದಶಕ ತಂಡದ ಆಧಾರವಾದರು. ನೀಲ್ ಮ್ಯಾಥ್ಯೂಸ್ (ಎರಡನೆಯ ಟೆನರ್), ಹಾಯ್ಟ್ ಹಾಕಿನ್ಸ್ (ಬ್ಯಾರಿಟೋನ್) ಮತ್ತು ಮಂದ್ರ ದನಿಯ ಹ್ಯೂ ಜ್ಯಾರೆಟ್ ಸೇರಿ ತಂಡ ನೆಲೆಗೊಂಡಿತು. 1958ರಲ್ಲಿ ಜ್ಯಾರೆಟ್ ಜಾಗಕ್ಕೆ ರೇ ವಾಕರ್ ಬಂದರು.

ಗಾಸ್ಪೆಲ್ ಸಂಗೀತದ ಹುಚ್ಚು ಅಭಿಮಾನಿಯಾಗಿದ್ದ ಎಲ್ವಿಸ್ ಪ್ರೆಸ್ಲಿ 1955ರಲ್ಲಿ ಮೆಂಫಿಸ್‌ನಲ್ಲಿ ಎಡ್ಡಿ ಆರ್ನಲ್ಡ್ ಜೊತೆ ಹಾಡಲು ಬಂದಿದ್ದ ಈ ತಂಡವನ್ನು ಕಂಡು, ತನಗೆ ದೊಡ್ಡ ಕಂಪನಿಯ ಒಪ್ಪಂದ ಸಿಕ್ಕಿದರೆ ಅವರೇ ಬೇಕೆಂದು ತಿಳಿಸಿದ್ದರು. 1956ರ ಜನವರಿಯಲ್ಲಿ ಆರ್‌ಸಿಎಗಾಗಿ ನ್ಯಾಶ್‌ವಿಲ್‌ನಲ್ಲಿ ನಡೆದ ಮೊದಲ ಧ್ವನಿಮುದ್ರಣಕ್ಕೆ ಸ್ಟೋಕರ್ ಒಬ್ಬರನ್ನೇ ಕರೆದು, ಸ್ಪಿಯರ್ ಗಾಸ್ಪೆಲ್ ಕುಟುಂಬದ ಬೆನ್ ಮತ್ತು ಬ್ರಾಕ್ ಜೊತೆ ಹಾಡಿಸಲಾಯಿತು. 1956ರ ಜುಲೈ 2ರಂದು ನ್ಯೂಯಾರ್ಕ್‌ನಲ್ಲಿ ‘ಹೌಂಡ್ ಡಾಗ್’ ಮತ್ತು ‘ಡೋಂಟ್ ಬಿ ಕ್ರೂಯೆಲ್’ ಮುದ್ರಣವಾದಾಗ ಇಡೀ ತಂಡ ಇತ್ತು. ಅಲ್ಲಿಂದ 1970ರವರೆಗೆ ಅವರು ಎಲ್ವಿಸ್ ಅವರ ಹಿಮ್ಮೇಳ. ಅನೇಕ ಧ್ವನಿಮುದ್ರಿಕೆಗಳ ಮೇಲೆ ಮುಖ್ಯ ಗಾಯಕನ ಹೆಸರಿನ ಕೆಳಗೆ ಜಾರ್ಡನೇರ್ಸ್ ಹೆಸರೂ ಅಚ್ಚಾಯಿತು. ಆ ಕಾಲದ ಹಿಮ್ಮೇಳಕ್ಕೆ ಇದು ಅಪರೂಪದ ಗೌರವ.

ಪ್ಯಾಟ್ಸಿ ಕ್ಲೈನ್ ಅವರ ಧ್ವನಿಮುದ್ರಿಕೆಗಳಲ್ಲಿ ತಂಡದ ಕೆಲಸ ಇನ್ನೂ ಸೂಕ್ಷ್ಮ. ನಾಲ್ಕು ಗಂಡು ದನಿಗಳು ತನ್ನ ದನಿಯನ್ನು ಮುಚ್ಚಿಬಿಡಬಹುದೆಂದು ಆಕೆ ಮೊದಲು ಹಿಂಜರಿದಿದ್ದರು. 1960ರ ನವೆಂಬರಿನಲ್ಲಿ ಮುದ್ರಿತವಾದ ‘ಐ ಫಾಲ್ ಟು ಪೀಸಸ್’ ಆ ಅಳುಕನ್ನು ಕಳೆಯಿತು. ‘ಕ್ರೇಜಿ’ (1961) ಹಾಡಿನ ಮುದ್ರಣ ತಾಂತ್ರಿಕವಾಗಿ ಗಮನಾರ್ಹ. ಕಾರು ಅಪಘಾತದಿಂದ ಚೇತರಿಸಿಕೊಳ್ಳುತ್ತಿದ್ದ ಕ್ಲೈನ್ ಪಕ್ಕೆಲುಬಿನ ನೋವಿನಿಂದ ಆ ದಿನ ಎತ್ತರದ ಸ್ವರಗಳನ್ನು ಹಿಡಿದು ನಿಲ್ಲಿಸಲಾರದೆ ಹೋದರು. ವಾದ್ಯ ಮತ್ತು ಹಿಮ್ಮೇಳವನ್ನು ಮೊದಲು ಮುದ್ರಿಸಿಟ್ಟು, ಕೆಲವು ವಾರಗಳ ಬಳಿಕ ಮುಖ್ಯ ದನಿಯನ್ನು ಸೇರಿಸಲಾಯಿತು. ಅಂದರೆ ಮುಂದಿನ ಗಾಯಕಿ ಹಾಡುವ ಮೊದಲೇ ಹಿಂದಿನವರು ಆಕೆಯ ಉಸಿರಿಗೆ ಜಾಗ ಬಿಟ್ಟು ಹಾಡಿ ಮುಗಿಸಿದ್ದರು. ಈ ವೃತ್ತಿಯ ಕೌಶಲಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ.

1969ರಲ್ಲಿ ಎಲ್ವಿಸ್ ಲಾಸ್ ವೇಗಸ್ ವೇದಿಕೆಗೆ ಕರೆದಾಗ ಜಾರ್ಡನೇರ್ಸ್ ಹೋಗಲಿಲ್ಲ. ನ್ಯಾಶ್‌ವಿಲ್‌ನಲ್ಲಿ ಈಗಾಗಲೇ ಒಪ್ಪಿಕೊಂಡಿದ್ದ ಸೆಷನ್‌ಗಳನ್ನು ಬಿಟ್ಟು ವಾರಗಟ್ಟಲೆ ಹೊರಗಿರುವುದು ಅವರಿಗೆ ಕಟ್ಟುತ್ತಿರಲಿಲ್ಲ. ಪ್ರಪಂಚದ ಅತಿ ಪ್ರಸಿದ್ಧ ಗಾಯಕನ ವೇದಿಕೆಗಿಂತ ಮನೆಯ ಹತ್ತಿರದ ಸ್ಟುಡಿಯೋ ಕೆಲಸ ಹೆಚ್ಚು ಭದ್ರವಾಗಿತ್ತೆಂಬುದು ಆ ಕಾಲದ ಹಿಮ್ಮೇಳ ಗಾಯಕರ ಆರ್ಥಿಕ ಸ್ಥಿತಿಯನ್ನು ತಿಳಿಸುತ್ತದೆ. ತಂಡ 2001ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾಯಿತು. 2013ರ ಮಾರ್ಚ್‌ನಲ್ಲಿ ಸ್ಟೋಕರ್ ನಿಧನರಾದ ಬಳಿಕ ಅದು ವಿಸರ್ಜನೆಗೊಂಡಿತು.

ಅನಿಟಾ ಕೆರ್ ಸಿಂಗರ್ಸ್ ಮತ್ತು ಹೆಣ್ಣು ದನಿಗಳು

ಜಾರ್ಡನೇರ್ಸ್‌ಗೆ ಸರಿಸಮನಾಗಿ ನಿಂತ ಇನ್ನೊಂದು ತಂಡ ಅನಿಟಾ ಕೆರ್ ಸಿಂಗರ್ಸ್. ಮೆಂಫಿಸ್‌ನಲ್ಲಿ 1927ರಲ್ಲಿ ಹುಟ್ಟಿದ ಅನಿಟಾ ಕೆರ್ ಗಾಯಕಿ ಮಾತ್ರವಲ್ಲ, ವೃಂದ ಸಂಯೋಜಕಿ. ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ರೇಡಿಯೋದಲ್ಲಿ ಎಂಟು ದನಿಗಳ ವೃಂದದಿಂದ ಆರಂಭಿಸಿ, ಮುಂದೆ ಅದನ್ನು ನಾಲ್ಕಕ್ಕಿಳಿಸಿದರು: ಸೊಪ್ರಾನೊ ದನಿಗೆ ಸ್ವತಃ ಕೆರ್, ಆಲ್ಟೊ ಡಾಟಿ ಡಿಲ್ಲರ್ಡ್, ಟೆನರ್ ಗಿಲ್ ರೈಟ್, ಬ್ಯಾರಿಟೋನ್ ಲೂಯಿಸ್ ನನ್ಲಿ. ಗಾಸ್ಪೆಲ್ ನಾಲ್ವರ ಮೇಳಕ್ಕಿಂತ ಜಾಸ್ ಮತ್ತು ಪಾಪ್ ಸಂಗೀತಕ್ಕೆ ಹತ್ತಿರವಾದ ಅವರ ಸಂಯೋಜನೆಗಳು ಜಿಮ್ ರೀವ್ಸ್, ಬ್ರೆಂಡಾ ಲೀ, ರಾಯ್ ಆರ್ಬಿಸನ್, ಸ್ಕೀಟರ್ ಡೇವಿಸ್ ಮೊದಲಾದವರ ಧ್ವನಿಮುದ್ರಿಕೆಗಳಲ್ಲಿವೆ. ಗಂಡಸರೇ ತುಂಬಿದ್ದ ಸ್ಟುಡಿಯೋ ಲೋಕದಲ್ಲಿ ಸಂಯೋಜನೆಯ ಹೊಣೆ ಹೊತ್ತ ಮೊದಲ ಮಹಿಳೆಯರ ಸಾಲಿನಲ್ಲಿ ಅವರಿದ್ದಾರೆ. ತಂಡ ತನ್ನದೇ ಹೆಸರಿನಲ್ಲಿ ಗ್ರ್ಯಾಮಿ ಪ್ರಶಸ್ತಿಗಳನ್ನೂ ಪಡೆಯಿತು. ಕೆರ್ 1965ರಲ್ಲಿ ಲಾಸ್ ಏಂಜಲೀಸ್‌ಗೆ, ಮುಂದೆ ಸ್ವಿಟ್ಜರ್ಲೆಂಡ್‌ಗೆ ಹೋದರು. 2022ರಲ್ಲಿ ಜಿನೀವಾದಲ್ಲಿ ತೀರಿಕೊಂಡರು.

ಒಂಟಿ ಸೊಪ್ರಾನೊ ಆಗಿ ಹೆಸರು ಮಾಡಿದವರು ಮಿಲಿ ಕರ್ಕ್‌ಹಮ್. ಎಲ್ವಿಸ್ ಅವರ ‘ಬ್ಲೂ ಕ್ರಿಸ್‌ಮಸ್’ (1957) ಹಾಡಿನುದ್ದಕ್ಕೂ ಅಲೆಯುವ ಹೆಣ್ಣು ದನಿ ಅವರದು. ಆ ಮುದ್ರಣದ ವೇಳೆ ಅವರು ಬಸುರಿ. ಜಾರ್ಜ್ ಜೋನ್ಸ್ ಅವರ ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ (1980) ಹಾಡಿನಲ್ಲಿರುವ ದನಿಯೂ ಅವರದೇ. ಎರಡೂ ಹಾಡುಗಳು ಇಂದಿಗೂ ಪ್ರಸಾರವಾಗುತ್ತವೆ.

ರಚನೆ

ಗಾಸ್ಪೆಲ್ ನಾಲ್ವರ ಮೇಳದಲ್ಲಿ ಮೇಲಿನಿಂದ ಕೆಳಕ್ಕೆ ಮೊದಲ ಟೆನರ್, ಲೀಡ್ (ಎರಡನೆಯ ಟೆನರ್), ಬ್ಯಾರಿಟೋನ್, ಬಾಸ್ ಎಂಬ ನಾಲ್ಕು ದನಿಗಳು. ಹಾಡಿನ ಮುಖ್ಯ ಧಾಟಿ ಲೀಡ್ ದನಿಯಲ್ಲಿದ್ದು, ಟೆನರ್ ಅದರ ಮೇಲೆ, ಉಳಿದೆರಡು ಕೆಳಗೆ ಸಾಗುತ್ತವೆ. ಕರ್ನಾಟಕದ ಪ್ರಾಟೆಸ್ಟಂಟ್ ಚರ್ಚುಗಳ ಗಾಯಕವೃಂದದಲ್ಲಿ ಕೇಳಿಬರುವ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ವಿಂಗಡಣೆಯಲ್ಲಿ ಮುಖ್ಯ ಧಾಟಿ ಎಲ್ಲಕ್ಕಿಂತ ಮೇಲಿನ ದನಿಯದಾಗಿರುತ್ತದೆ, ವ್ಯತ್ಯಾಸ ಇಲ್ಲಿದೆ. ಕರಿಯರ ಗಾಸ್ಪೆಲ್ ವೃಂದಗಳಲ್ಲಿ ಸೊಪ್ರಾನೊ, ಆಲ್ಟೊ, ಟೆನರ್ ಎಂಬ ಮೂರೇ ದನಿಗಳ ಬಿಗಿ ಹೆಣಿಗೆ ಸಾಮಾನ್ಯ, ಮಂದ್ರದ ಕೆಲಸವನ್ನು ಆರ್ಗನ್ ಮತ್ತು ಬಾಸ್ ಗಿಟಾರ್ ನೋಡಿಕೊಳ್ಳುತ್ತವೆ. ಕಂಟ್ರಿ ಹಾಡಿನಲ್ಲಿ ಟೆನರ್ ಎಂದರೆ ಮುಖ್ಯ ಧಾಟಿಗಿಂತ ಮೇಲಿನ ದನಿ ಎಂದಷ್ಟೇ ಅರ್ಥ, ಅದನ್ನು ಹೆಂಗಸರೂ ಹಾಡಬಹುದು.

ಹಿಮ್ಮೇಳ ಮಾಡುವ ಕೆಲಸ ಹಲವು ಬಗೆಯದು. ಊ, ಆ ಮುಂತಾದ ದೀರ್ಘ ಸ್ವರಗಳನ್ನು ಹಾಡಿನ ಕೆಳಗೆ ಹಾಸುವುದು ಒಂದು. ಸಾಲಿನ ಕೊನೆಯ ಪದಗಳನ್ನು ಮರುನುಡಿಯುವುದು, ಪಲ್ಲವಿಯಲ್ಲಿ ಮಾತ್ರ ಮುಖ್ಯ ಗಾಯಕನೊಡನೆ ಪದಕ್ಕೆ ಪದ ಕೂಡಿ ಹಾಡುವುದು, ಒಬ್ಬೊಬ್ಬರೇ ಒಂದೊಂದು ಸ್ವರವನ್ನು ಗಂಟೆ ಬಾರಿಸಿದಂತೆ ಸೇರಿಸುತ್ತ ಸ್ವರಗುಚ್ಛ ಕಟ್ಟುವುದು, ಲಯಕ್ಕೆ ಅರ್ಥವಿಲ್ಲದ ಅಕ್ಷರಗಳನ್ನು ಹಾಕುವುದು ಇತರ ಬಗೆಗಳು. ಎಲ್ಲಿ ಸುಮ್ಮನಿರಬೇಕೆಂಬ ತಿಳಿವಳಿಕೆಯನ್ನು ಇವೆಲ್ಲಕ್ಕಿಂತ ದೊಡ್ಡದೆಂದು ಪರಿಗಣಿಸಲಾಗುತ್ತದೆ.

ದನಿಗಳು ಬೆರೆಯುವುದೇ ಇಲ್ಲಿ ಪರಮ ಗುಣ. ಎಲ್ಲರೂ ಸ್ವರಾಕ್ಷರವನ್ನು ಒಂದೇ ಬಾಯಿಯಾಕಾರದಲ್ಲಿ ಉಚ್ಚರಿಸಬೇಕು, ದನಿಯ ಕಂಪನವನ್ನು ಹತೋಟಿಯಲ್ಲಿಡಬೇಕು, ಉಸಿರನ್ನು ಸರದಿಯಲ್ಲಿ ತೆಗೆದುಕೊಳ್ಳಬೇಕು. ಪದದ ಕೊನೆಯ ಸಕಾರ, ಟಕಾರಗಳನ್ನು ನಾಲ್ವರೂ ಉಚ್ಚರಿಸಿದರೆ ಧ್ವನಿಮುದ್ರಣದಲ್ಲಿ ಚಿಟಪಟ ಸದ್ದಾಗುವುದರಿಂದ ಒಬ್ಬರಿಗೆ ಮಾತ್ರ ಅದನ್ನು ವಹಿಸಿ, ಉಳಿದವರು ನುಂಗಿಬಿಡುತ್ತಾರೆ. ಒಂದೇ ಮೈಕಿನ ಸುತ್ತ ನಿಲ್ಲುತ್ತಿದ್ದ ಕಾಲದಲ್ಲಿ ಸಮತೋಲನವನ್ನು ಸಾಧಿಸುತ್ತಿದ್ದುದು ಯಂತ್ರವಲ್ಲ, ಗಾಯಕರೇ ಹೆಜ್ಜೆ ಹಿಂದೆ ಮುಂದೆ ಸರಿದು. ಮುಖ್ಯ ಗಾಯಕ ಪದವನ್ನು ಎಳೆದರೆ ಎಳೆಯಬೇಕು, ತುಂಡರಿಸಿದರೆ ತುಂಡರಿಸಬೇಕು. ಅವನ ಉಚ್ಚಾರದ ಪ್ರಾದೇಶಿಕ ಸೊಗಡನ್ನೂ ಅನುಸರಿಸಬೇಕು.

ಅಂಕಿ ಪದ್ಧತಿ

ಸ್ಟುಡಿಯೋದ ಅವಸರಕ್ಕೆ ಹಿಮ್ಮೇಳ ಗಾಯಕರು ಕೊಟ್ಟ ಉತ್ತರ ನ್ಯಾಶ್‌ವಿಲ್ ಅಂಕಿ ಪದ್ಧತಿ. 1950ರ ದಶಕದ ಕೊನೆಯಲ್ಲಿ ಜಾರ್ಡನೇರ್ಸ್‌ನ ನೀಲ್ ಮ್ಯಾಥ್ಯೂಸ್ ಇದನ್ನು ತನ್ನ ತಂಡಕ್ಕಾಗಿ ರೂಪಿಸಿದರು. ಹುಡುಗನಾಗಿದ್ದಾಗ ಕಲಿತ ಆಕಾರ ಸ್ವರಲಿಪಿಯ ತಿಳಿವೇ ಅದಕ್ಕೆ ತಳಹದಿ. ಸ್ವರಗುಚ್ಛಗಳನ್ನು ಅಕ್ಷರಗಳಿಂದ ಹೆಸರಿಸುವ ಬದಲು, ಹಾಡಿನ ಮೂಲ ಸ್ವರದಿಂದ ಎಷ್ಟನೆಯ ಸ್ವರವೋ ಆ ಅಂಕಿಯಿಂದ, 1ರಿಂದ 7ರವರೆಗೆ, ಗುರುತಿಸುವುದು ಇದರ ಕ್ರಮ. ಕರ್ನಾಟಕ ಸಂಗೀತದಲ್ಲಿ ಶ್ರುತಿ ಬದಲಾದರೂ ಸರಿಗಮ ಬದಲಾಗದಂತೆ, ಇಲ್ಲಿ ಮೂಲ ಸ್ವರ ಯಾವುದಾದರೂ ಅಂಕಿಗಳು ಹಾಗೇ ಉಳಿಯುತ್ತವೆ. ಸಿ ಸ್ವರದಲ್ಲಿ 1, 4, 5 ಎಂದರೆ ಸಿ, ಎಫ್, ಜಿ. ಗಾಯಕನಿಗೆ ಎತ್ತರ ಸಾಲದೆಂದು ಡಿಗೆ ಏರಿಸಿದರೆ ಅದೇ ಅಂಕಿಗಳು ಡಿ, ಜಿ, ಎ ಆಗುತ್ತವೆ. ಕಾಗದ ತಿದ್ದುವ ಪ್ರಮೇಯವಿಲ್ಲ. ಚಾರ್ಲಿ ಮೆಕಾಯ್ ಮೊದಲಾದ ವಾದ್ಯಗಾರರು ಇದನ್ನು ತಮ್ಮದಾಗಿಸಿಕೊಂಡು ಲಯದ ಗುರುತುಗಳನ್ನು ಸೇರಿಸಿದರು. ಮ್ಯಾಥ್ಯೂಸ್ ಈ ಪದ್ಧತಿಯನ್ನು 1984ರಲ್ಲಿ ಪುಸ್ತಕರೂಪದಲ್ಲಿ ವಿವರಿಸಿದರು. ನ್ಯಾಶ್‌ವಿಲ್‌ನ ಸ್ಟುಡಿಯೋಗಳಲ್ಲಿ ಇಂದಿಗೂ ಇದೇ ನಿತ್ಯದ ಬರವಣಿಗೆ.

ವೃತ್ತಿಯ ಬಗೆಗಳು

ಹೆಚ್ಚಿನವರ ಆರಂಭ ಚರ್ಚು ಅಥವಾ ಕುಟುಂಬದ ಮೇಳ. ನ್ಯಾಶ್‌ವಿಲ್‌ಗೆ ಬಂದವರಿಗೆ ಮೊದಲು ಸಿಗುವುದು ಸಾಮಾನ್ಯವಾಗಿ ಡೆಮೊ ಗಾಯನ. ಗೀತಕಾರರು ತಮ್ಮ ಹೊಸ ಹಾಡನ್ನು ತಾರಾ ಗಾಯಕರಿಗೆ ಕೇಳಿಸಲು ಮಾಡಿಸುವ ಮಾದರಿ ಮುದ್ರಣಕ್ಕೆ ಡೆಮೊ ಎನ್ನುತ್ತಾರೆ. ಜಾಹೀರಾತಿನ ಹಾಡು ಎರಡನೆಯ ಆದಾಯ. ಇವೆರಡರಲ್ಲಿ ವೇಗವೂ ವಿಶ್ವಾಸಾರ್ಹತೆಯೂ ಸಾಬೀತಾದವರಿಗೆ ಧ್ವನಿಮುದ್ರಿಕೆಗಳ ಸೆಷನ್ ಕೆಲಸ ಬರುತ್ತದೆ.

ಪ್ರವಾಸದ ಹಿಮ್ಮೇಳ ಬೇರೆಯೇ ಬದುಕು. ಕಂಟ್ರಿ ತಂಡಗಳಲ್ಲಿ ಪ್ರತ್ಯೇಕ ಹಿಮ್ಮೇಳದವರಿಗಿಂತ, ವಾದ್ಯ ನುಡಿಸುತ್ತಲೇ ಹಾಡುವವರಿಗೆ ಬೇಡಿಕೆ ಹೆಚ್ಚು. ಬಕ್ ಓವನ್ಸ್ ತಂಡದ ಡಾನ್ ರಿಚ್ ಇದಕ್ಕೆ ಶ್ರೇಷ್ಠ ಮಾದರಿ. ಗಿಟಾರ್ ನುಡಿಸುತ್ತ ಅವರು ಸೇರಿಸುತ್ತಿದ್ದ ಮೇಲಿನ ದನಿ ಓವನ್ಸ್ ಹಾಡುಗಳಿಂದ ಬೇರ್ಪಡಿಸಲಾಗದ್ದು. ರಿಚ್ 1974ರಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡರು. ಜಾನಿ ಕ್ಯಾಶ್ ಅವರ ಪ್ರವಾಸದಲ್ಲಿ ಕಾರ್ಟರ್ ಕುಟುಂಬದ ಹೆಣ್ಣುಮಕ್ಕಳೂ, 1964ರಿಂದ ಎಂಟು ವರ್ಷ ಸ್ಟ್ಯಾಟ್ಲರ್ ಬ್ರದರ್ಸ್ ಮೇಳದವರೂ ಹಾಡಿದರು.

ಎಲ್ವಿಸ್ ಅವರ 1969ರ ನಂತರದ ವೇದಿಕೆಯಲ್ಲಿ ಹಿಮ್ಮೇಳ ತನ್ನ ಅತಿ ದೊಡ್ಡ ರೂಪ ತಳೆಯಿತು. ಒಂದು ಬದಿಯಲ್ಲಿ ಕರಿಯರ ಗಾಸ್ಪೆಲ್ ಹಿನ್ನೆಲೆಯ ಸ್ವೀಟ್ ಇನ್‌ಸ್ಪಿರೇಶನ್ಸ್ ಮಹಿಳಾ ತಂಡ, ಇನ್ನೊಂದು ಬದಿಯಲ್ಲಿ ಬಿಳಿಯರ ಗಾಸ್ಪೆಲ್ ಮೇಳ (1971ರವರೆಗೆ ಇಂಪೀರಿಯಲ್ಸ್, ಆಮೇಲೆ ಜೆ. ಡಿ. ಸಮ್ನರ್ ಅವರ ಸ್ಟ್ಯಾಂಪ್ಸ್ ಕ್ವಾರ್ಟೆಟ್), ಜೊತೆಗೆ ಸೊಪ್ರಾನೊ ಕ್ಯಾಥಿ ವೆಸ್ಟ್‌ಮೋರ್‌ಲೆಂಡ್. ದಶಕಗಳ ಕಾಲ ಬೇರೆ ಬೇರೆ ಸಭಾಂಗಣಗಳಲ್ಲಿ ಬೆಳೆದ ಎರಡು ಗಾಸ್ಪೆಲ್ ಧಾರೆಗಳು ಹೀಗೆ ಒಂದೇ ವೇದಿಕೆಯಲ್ಲಿ ಒಬ್ಬ ಗಾಯಕನ ಹಿಂದೆ ನಿಂತವು. ಎಲ್ವಿಸ್‌ಗೆ ಸ್ಪರ್ಧೆಯಲ್ಲಿ ಬಂದ ಮೂರು ಗ್ರ್ಯಾಮಿ ಪ್ರಶಸ್ತಿಗಳೂ ಗಾಸ್ಪೆಲ್ ಮುದ್ರಣಗಳಿಗೇ ಸಂದವು.

ರೇಡಿಯೋ ಮತ್ತು ದೂರದರ್ಶನಗಳ ಖಾಯಂ ಹಿಮ್ಮೇಳ ಇನ್ನೊಂದು ಬಗೆ. ವಾರವಾರವೂ ಬದಲಾಗುವ ಅತಿಥಿಗಳಿಗೆ ಅಲ್ಪ ಅಭ್ಯಾಸದಲ್ಲಿ ಒದಗುವುದು ಅದರ ಕೆಲಸ. ಗ್ರ್ಯಾಂಡ್ ಓಲ್ ಓಪ್ರಿಯಲ್ಲಿ ಕ್ಯಾರಲ್ ಲೀ ಕೂಪರ್ ನೇತೃತ್ವದ ತಂಡ ದಶಕಗಳ ಕಾಲ ಇದನ್ನು ನಿರ್ವಹಿಸಿತು. 1969ರಲ್ಲಿ ಶುರುವಾದ ‘ಹೀ ಹಾ’ ದೂರದರ್ಶನ ಸರಣಿಯಲ್ಲಿ ನ್ಯಾಶ್‌ವಿಲ್ ಎಡಿಶನ್ ತಂಡ ಇತ್ತು.

ಸಂಭಾವನೆ ಮತ್ತು ಹಕ್ಕುಗಳು

ವಾದ್ಯಗಾರರ ಸಂಘ ಮತ್ತು ಗಾಯಕರ ಸಂಘ ಅಮೆರಿಕದಲ್ಲಿ ಬೇರೆ ಬೇರೆ. ಸೆಷನ್ ಗಾಯಕರು ಆಫ್ಟ್ರಾ ಎಂಬ ಕಾರ್ಮಿಕ ಸಂಘಕ್ಕೆ ಸೇರಿದ್ದರು. 2012ರಲ್ಲಿ ಅದು ಚಿತ್ರನಟರ ಸಂಘದೊಡನೆ ವಿಲೀನವಾಗಿ ಸ್ಯಾಗ್-ಆಫ್ಟ್ರಾ ಆಯಿತು. ಕಂಪನಿಗಳೊಡನೆ ಸಂಘ ಮಾಡಿಕೊಳ್ಳುವ ಒಪ್ಪಂದ ಕನಿಷ್ಠ ದರಗಳನ್ನು ನಿಗದಿಪಡಿಸುತ್ತದೆ. ಗಂಟೆ ಮತ್ತು ಹಾಡು ಎರಡರ ಲೆಕ್ಕದಲ್ಲೂ ದರವಿದ್ದು, ಒಂಟಿಯಾಗಿ ಹಾಡಿದವರಿಗೆ ಹೆಚ್ಚು, ದೊಡ್ಡ ವೃಂದದಲ್ಲಿ ಹಾಡಿದವರಿಗೆ ಕಡಿಮೆ. ಗಾಯಕರನ್ನು ಒಟ್ಟುಗೂಡಿಸಿ ಕಾಗದಪತ್ರ ನೋಡಿಕೊಳ್ಳುವವರಿಗೆ ಹೆಚ್ಚುವರಿ ಹಣ ಸಲ್ಲುತ್ತದೆ.

ಮುಖ್ಯ ಗಾಯಕನಿಗೆ ಮಾರಾಟದ ಮೇಲೆ ರಾಯಲ್ಟಿ ಬರುತ್ತದೆ, ಹಿಮ್ಮೇಳದವರಿಗೆ ಬರುವುದು ಕೂಲಿ. ಧ್ವನಿಮುದ್ರಿಕೆಯ ಮಾರಾಟ ಗೊತ್ತಾದ ಮಿತಿಗಳನ್ನು ದಾಟಿದಾಗ ಸಂಘದ ಒಪ್ಪಂದದಂತೆ ಸ್ವಲ್ಪ ಹೆಚ್ಚುವರಿ ಪಾವತಿ ಸಿಗುವುದುಂಟು. ಅಮೆರಿಕದ ಕಾನೂನಿನಲ್ಲಿ ಸಾಮಾನ್ಯ ರೇಡಿಯೋ ಕೇಂದ್ರಗಳು ಗೀತಕಾರರಿಗೆ ಹಣ ಕೊಡಬೇಕೇ ಹೊರತು ಹಾಡಿದವರಿಗೆ ಕೊಡಬೇಕಾಗಿಲ್ಲ. ಲಕ್ಷಾಂತರ ಬಾರಿ ಪ್ರಸಾರವಾದ ಹಾಡಿನಿಂದಲೂ ಹಿಮ್ಮೇಳದವರಿಗೆ ಏನೂ ದಕ್ಕದಿರುವುದಕ್ಕೆ ಇದೇ ಕಾರಣ. ಡಿಜಿಟಲ್ ರೇಡಿಯೋ ವಿಷಯದಲ್ಲಿ 1995ರ ಕಾಯ್ದೆ ಈ ಕೊರತೆಯನ್ನು ಭಾಗಶಃ ತುಂಬಿತು. ಅಲ್ಲಿ ಸಂಗ್ರಹವಾಗುವ ಶುಲ್ಕದಲ್ಲಿ ಶೇಕಡಾ 50 ಧ್ವನಿಮುದ್ರಣದ ಮಾಲೀಕರಿಗೆ, 45 ಮುಖ್ಯ ಕಲಾವಿದರಿಗೆ, 2.5 ಸೆಷನ್ ವಾದ್ಯಗಾರರಿಗೆ, 2.5 ಹಿಮ್ಮೇಳ ಗಾಯಕರಿಗೆ ಸಲ್ಲುತ್ತದೆ. ಕೊನೆಯ ಎರಡು ಪಾಲುಗಳನ್ನು ಎರಡೂ ಸಂಘಗಳು ಸೇರಿ ನಡೆಸುವ ನಿಧಿಯೊಂದು ಹಂಚುತ್ತದೆ. ಧ್ವನಿಮುದ್ರಿಕೆಯಲ್ಲಿ ಯಾರು ಹಾಡಿದ್ದಾರೆಂಬ ದಾಖಲೆ ಸಿಗದಿದ್ದರೆ ಈ ಹಣ ಸಲ್ಲಬೇಕಾದವರನ್ನು ಮುಟ್ಟದು. ಆದ್ದರಿಂದ ಹೆಸರು ಅಚ್ಚಾಗುವುದು ಬರಿಯ ಗೌರವದ ಪ್ರಶ್ನೆಯಲ್ಲ, ಹೊಟ್ಟೆಪಾಡಿನ ಪ್ರಶ್ನೆ.

ಮುಖ್ಯ ಗಾಯನದತ್ತ

ಹಿಮ್ಮೇಳದಿಂದ ಮುಂದಕ್ಕೆ ಬಂದವರು ಹಲವರಿದ್ದಾರೆ. ಜೇನಿ ಫ್ರಿಕಿ ಜಾಹೀರಾತು ಮತ್ತು ಸೆಷನ್ ಗಾಯಕಿಯಾಗಿದ್ದವರು. ಜಾನಿ ಡಂಕನ್ ಅವರ ಹಾಡುಗಳಲ್ಲಿ ಹೆಸರಿಲ್ಲದೆ ಕೇಳಿಬಂದ ದನಿಯ ಬಗ್ಗೆ ಕೇಳುಗರಲ್ಲಿ ಕುತೂಹಲ ಹುಟ್ಟಿ, ಸ್ವಂತ ಒಪ್ಪಂದ ದೊರೆಯಿತು. 1982 ಮತ್ತು 1983ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಗಾಯಕಿ ಪ್ರಶಸ್ತಿ ಪಡೆದರು. ಟ್ರಿಶಾ ಇಯರ್‌ವುಡ್ ಡೆಮೊ ಗಾಯನದಿಂದ ಬಂದು, ಗಾರ್ತ್ ಬ್ರೂಕ್ಸ್ ಅವರ ‘ನೋ ಫೆನ್ಸಸ್’ (1990) ಆಲ್ಬಮ್ಮಿನಲ್ಲಿ ಹಿಮ್ಮೇಳ ಹಾಡಿ ತಾರೆಯಾದರು. ರೀಬಾ ಮ್ಯಾಕೆಂಟೈರ್ ತಂಡದಲ್ಲಿದ್ದ ಲಿಂಡಾ ಡೇವಿಸ್ 1993ರಲ್ಲಿ ಆಕೆಯೊಡನೆ ಯುಗಳ ಗೀತೆ ಹಾಡಿ ಗ್ರ್ಯಾಮಿ ಹಂಚಿಕೊಂಡರು. ಗ್ರ್ಯಾಮ್ ಪಾರ್ಸನ್ಸ್ ಅವರ ಜೊತೆದನಿಯಾಗಿ ಬೆಳಕಿಗೆ ಬಂದ ಎಮಿಲು ಹ್ಯಾರಿಸ್, ಸ್ವತಃ ಪ್ರಸಿದ್ಧರಾದ ಮೇಲೂ ಇತರರ ಧ್ವನಿಮುದ್ರಿಕೆಗಳಲ್ಲಿ ಹಿಮ್ಮೇಳ ಹಾಡುವುದನ್ನು ಬಿಡಲಿಲ್ಲ. ವಿನ್ಸ್ ಗಿಲ್ ಕೂಡ ಹಾಗೆಯೇ. ಅವರ 1990ರ ‘ವೆನ್ ಐ ಕಾಲ್ ಯುವರ್ ನೇಮ್’ ಹಾಡಿನಲ್ಲಿ ಜೊತೆದನಿ ನೀಡಿದವರು ಆಗಲೇ ಹೆಸರು ಮಾಡಿದ್ದ ಪ್ಯಾಟಿ ಲವ್‌ಲೆಸ್.

ಗಾಸ್ಪೆಲ್ ಕಡೆಯಿಂದ ರಿಚರ್ಡ್ ಸ್ಟರ್ಬನ್ ಅವರ ದಾರಿ ಗಮನಾರ್ಹ. ಸ್ಟ್ಯಾಂಪ್ಸ್ ಮೇಳದಲ್ಲಿ ಎಲ್ವಿಸ್ ಹಿಂದೆ ಬಾಸ್ ಹಾಡುತ್ತಿದ್ದ ಅವರು 1972ರಲ್ಲಿ ಓಕ್ ರಿಜ್ ಬಾಯ್ಸ್ ಎಂಬ ಇನ್ನೊಂದು ಗಾಸ್ಪೆಲ್ ಮೇಳ ಸೇರಿದರು. ಆ ಮೇಳ ಕಂಟ್ರಿಗೆ ಹೊರಳಿ 1981ರ ‘ಎಲ್ವೈರಾ’ ಹಾಡಿನಿಂದ ದೇಶಕ್ಕೆಲ್ಲ ಪರಿಚಿತವಾದಾಗ ಜನ ನೆನಪಿಟ್ಟುಕೊಂಡದ್ದು ಸ್ಟರ್ಬನ್ ಅವರ ಮಂದ್ರ ದನಿಯನ್ನು. ನ್ಯಾಶ್‌ವಿಲ್‌ನ ಮೆಕ್ರೇರಿ ಸಹೋದರಿಯರು ಫೇರ್‌ಫೀಲ್ಡ್ ಫೋರ್ ಮೇಳದ ಸ್ಯಾಮ್ ಮೆಕ್ರೇರಿ ಅವರ ಮಕ್ಕಳು. ಅವರಲ್ಲಿ ರೆಜಿನಾ 1979ರಿಂದ ಬಾಬ್ ಡಿಲನ್ ಅವರ ಭಕ್ತಿಪರ ಅವಧಿಯ ಹಿಮ್ಮೇಳದಲ್ಲಿದ್ದರು. ಮುಂದೆ ಸಹೋದರಿಯರು ಸ್ವಂತ ಹೆಸರಿನಲ್ಲೂ ಧ್ವನಿಮುದ್ರಿಸಿದರು. ಹೀಗೆ ಮುಂದೆ ಬಂದವರ ಹೆಸರು ಎದ್ದು ಕಂಡರೂ ಬಹುಪಾಲು ಗಾಯಕರು ಇಡೀ ವೃತ್ತಿಜೀವನವನ್ನು ಹಿಮ್ಮೇಳದಲ್ಲೇ ಕಳೆಯುತ್ತಾರೆ, ಮತ್ತು ಅನೇಕರು ಅದನ್ನೇ ಬಯಸಿ ಆರಿಸಿಕೊಂಡವರು.

ಇಂದಿನ ಸ್ಥಿತಿ

ಬಹುಪಥ ಧ್ವನಿಮುದ್ರಣ ಬಂದದ್ದೇ ಮೊದಲ ತಿರುವು. 1960ರ ಆಸುಪಾಸಿನಲ್ಲೇ ಸ್ಕೀಟರ್ ಡೇವಿಸ್ ತನ್ನ ಜೊತೆದನಿಯನ್ನು ತಾನೇ ಎರಡನೆಯ ಪಥದಲ್ಲಿ ಹಾಡಿ ಸೇರಿಸುತ್ತಿದ್ದರು. 1970ರ ದಶಕದಲ್ಲಿ ಹದಿನಾರು, ಇಪ್ಪತ್ನಾಲ್ಕು ಪಥಗಳ ಯಂತ್ರಗಳು ಬಂದಾಗ ನಾಲ್ವರ ಮೇಳ ಒಟ್ಟಿಗೆ ಬರಬೇಕಾದ ಅಗತ್ಯವೇ ಕಡಿಮೆಯಾಯಿತು. ವೇಲನ್ ಜೆನ್ನಿಂಗ್ಸ್, ವಿಲ್ಲಿ ನೆಲ್ಸನ್ ಮೊದಲಾದವರು ನ್ಯಾಶ್‌ವಿಲ್ ಸೌಂಡಿನ ನಯವನ್ನು ನಿರಾಕರಿಸಿದ್ದರಿಂದ ದೊಡ್ಡ ಹಿಮ್ಮೇಳ ರುಚಿಯಿಂದಲೂ ಹೊರಬಿತ್ತು. 1980ರ ದಶಕದ ನಂತರದ ಮಾದರಿಯೆಂದರೆ ಒಬ್ಬ ಅಥವಾ ಇಬ್ಬರು ಗಾಯಕರು ಎಲ್ಲ ದನಿಗಳನ್ನೂ ಪದರಪದರವಾಗಿ ಹಾಡಿ ಜೋಡಿಸುವುದು.

ದಕ್ಷಿಣದ ಗಾಸ್ಪೆಲ್ ವಲಯದಲ್ಲಿ ಈ ಪದರಗಳನ್ನು ಸ್ಟ್ಯಾಕ್ಸ್ ಎನ್ನುತ್ತಾರೆ. ಮೊದಲೇ ಮುದ್ರಿಸಿದ ಕಂಠಗಳ ಪದರವನ್ನು ಕಾರ್ಯಕ್ರಮದ ವೇಳೆ ವಾದ್ಯಗಳ ಜೊತೆ ನುಡಿಸಿ, ಅದರ ಮೇಲೆ ಮೇಳದವರು ಹಾಡುತ್ತಾರೆ. ಸಣ್ಣ ತಂಡಕ್ಕೆ ಇದು ಅನುಕೂಲ. ಆದರೆ ಜೀವಂತ ಗಾಯನದ ಪ್ರಾಮಾಣಿಕತೆಗೆ ಕುಂದೆಂಬ ಆಕ್ಷೇಪ ಆ ವಲಯದೊಳಗೇ ಇದೆ. 1997ರಲ್ಲಿ ಬಂದ ಆಟೊಟ್ಯೂನ್ ಮತ್ತು ಅನಂತರದ ತಂತ್ರಾಂಶಗಳು ಶ್ರುತಿ ತಪ್ಪನ್ನು ಸರಿಪಡಿಸುವುದಷ್ಟೇ ಅಲ್ಲ, ಒಂದೇ ದನಿಯಿಂದ ಇಡೀ ಸ್ವರಮೇಳವನ್ನು ಸೃಷ್ಟಿಸುತ್ತವೆ. ಅನೇಕ ಸೆಷನ್ ಗಾಯಕರು ಈಗ ಮನೆಯಲ್ಲೇ ಮುದ್ರಿಸಿ ಕಡತ ಕಳುಹಿಸುತ್ತಾರೆ. 2020ರ ಕೋವಿಡ್ ಅವಧಿಯಲ್ಲಿ ಈ ಅಭ್ಯಾಸ ಇನ್ನಷ್ಟು ಹೆಚ್ಚಿತು.

ಕೃತಕ ಬುದ್ಧಿಮತ್ತೆಯಿಂದ ದನಿಯನ್ನು ನಕಲು ಮಾಡುವುದು ಹೊಸ ಸವಾಲು. ಇದನ್ನು ಎದುರಿಸಲು ಟೆನೆಸಿ ರಾಜ್ಯ 2024ರ ಮಾರ್ಚ್‌ನಲ್ಲಿ ಎಲ್ವಿಸ್ ಕಾಯ್ದೆ ಎಂಬ ಹೆಸರಿನ ಶಾಸನಕ್ಕೆ ಅಂಗೀಕಾರ ನೀಡಿತು. ವ್ಯಕ್ತಿಯ ಹೆಸರು, ಚಿತ್ರಗಳ ಜೊತೆಗೆ ದನಿಯನ್ನೂ ಅವನ ಸ್ವತ್ತೆಂದು ಅದು ರಕ್ಷಿಸುತ್ತದೆ. ಅದು ಅದೇ ವರ್ಷದ ಜುಲೈ 1ರಿಂದ ಜಾರಿಯಲ್ಲಿದೆ.

ಆರ್‌ಸಿಎ ಸ್ಟುಡಿಯೋ ಬಿ 1977ರಲ್ಲಿ ವಾಣಿಜ್ಯ ಕೆಲಸ ನಿಲ್ಲಿಸಿತು. ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಮತ್ತು ವಸ್ತುಸಂಗ್ರಹಾಲಯ ಈಗ ಅದನ್ನು ಸಾರ್ವಜನಿಕರ ವೀಕ್ಷಣೆಗೆ ತೆರೆದಿಟ್ಟಿದೆ.